ಮೆಡಿಕಲ್ ಕೌನ್ಸಿಲ್ ವಿಚಾರಣೆ ಮುಂದೂಡಬೇಕೇ? ಡಾಕ್ಟರಿಗೂ ದೂರುದಾರರಿಗೂ ಒಂದು ಮಾರ್ಗದರ್ಶಿ

ಡಾಕ್ಟರುಗಳ ನೋಂದಣಿ ಮಾಡುವ, ಅವರ ಮೇಲಿನ ದೂರು ವಿಚಾರಿಸುವ ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್ ಮುಂಬಯಿಯ ಚಿಂಚ್‌ಪೋಕ್ಲಿಯಲ್ಲಿದೆ. ಅಲ್ಲಿಂದ ವಿಚಾರಣೆಯ ನೋಟಿಸ್ ಬಂದಾಗ ಡಾಕ್ಟರಿಗೆ ಮೊದಲು ಹೊಳೆಯುವುದು ಒಂದೇ. ಈ ತಾರೀಖನ್ನು ಹೇಗಾದರೂ ಮುಂದಕ್ಕೆ ಹಾಕಿಸಬೇಕು. ಅದೇ ವಾರ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ಕಡೆಯ, ದೂರು ಕೊಟ್ಟವರ ಮನೆಗೂ ಅಂಥದೇ ಕಾಗದ ಹೋಗಿರುತ್ತದೆ. ಮನೆಯವರನ್ನು ಕಳೆದುಕೊಂಡವರು ಅಲ್ಲಿ ಕೂಲಿ ಬಿಟ್ಟು, ರಾತ್ರಿ ರೈಲಿಗೆ ಟಿಕೆಟ್ ಮಾಡಿಸಿ, ಫೈಲು ಕಟ್ಟಿಕೊಂಡು ಹೊರಡುತ್ತಾರೆ.

ನಾನು ಮುಂಬಯಿಯಲ್ಲಿ ವಕೀಲಿ ಮಾಡುವವನು. ಡೊಂಬಿವಲಿ, ಘಾಟ್ಕೋಪರ್, ಸಾಯನ್ ಕಡೆಯ ನಮ್ಮ ಕನ್ನಡದ ಡಾಕ್ಟರುಗಳೂ ನನ್ನ ಹತ್ತಿರ ಬರುತ್ತಾರೆ. ಸೊಲ್ಲಾಪುರ, ಜತ್ತ ಕಡೆಯ ಕನ್ನಡದ ದೂರುದಾರರೂ ಬರುತ್ತಾರೆ. ಇಬ್ಬರಿಗೂ ನಾನು ಹೇಳುವುದು ಒಂದೇ ಮಾತು. ಮುಂದೂಡಿಕೆ ಕೇಳುವ ಹಕ್ಕು ನಿಮಗಿದೆ. ಆದರೆ ಅದನ್ನು ಬೇಗ ಕೇಳಿ, ಕಾಗದದೊಂದಿಗೆ ಕೇಳಿ, ಎದುರಿನವರಿಗೆ ತಿಳಿಸಿ ಕೇಳಿ. ಇಷ್ಟು ಮಾಡಿದರೆ ಸಿಗುವ ಸಾಧ್ಯತೆಯೂ ಜಾಸ್ತಿ, ಯಾರಿಗೂ ಅನ್ಯಾಯವೂ ಆಗುವುದಿಲ್ಲ.

ಮೊದಲು ನೋಟಿಸನ್ನು ಪೂರ್ತಿ ಓದಿ

ಹೆದರಿಕೆಯಲ್ಲಿ ತುಂಬಾ ಜನ ತಾರೀಖನ್ನಷ್ಟೇ ನೋಡುತ್ತಾರೆ. ಯಾರು ಕಳಿಸಿದ್ದಾರೆ, ಯಾಕೆ ಕಳಿಸಿದ್ದಾರೆ ಎಂದು ನೋಡುವುದಿಲ್ಲ. ಎಂಬಿಬಿಎಸ್ ಮತ್ತು ಅದರ ಮೇಲಿನ ಅಲೋಪಥಿ ಡಾಕ್ಟರುಗಳ ಮೇಲಿನ ದೂರು ಮಹಾರಾಷ್ಟ್ರದಲ್ಲಿ ಮೆಡಿಕಲ್ ಕೌನ್ಸಿಲ್‌ಗೆ ಹೋಗುತ್ತದೆ. ಆಯುರ್ವೇದ, ಹೋಮಿಯೋಪಥಿ, ದಂತವೈದ್ಯರಿಗೆ ಬೇರೆ ಬೇರೆ ಕೌನ್ಸಿಲ್‌ಗಳಿವೆ. ಗೋವಾದಲ್ಲಿ ನೋಂದಣಿ ಇದ್ದರೆ ಗೋವಾ ಮೆಡಿಕಲ್ ಕೌನ್ಸಿಲ್. ಪುಣೆಯವರಿಗೆ ಬೇರೆ ಕೌನ್ಸಿಲ್ ಇಲ್ಲ, ಅವರಿಗೂ ಮುಂಬಯಿಯದೇ. ಮುನ್ಸಿಪಾಲಿಟಿ ಅಥವಾ ಸರಕಾರಿ ಆಸ್ಪತ್ರೆಯ ನೌಕರಿಯಲ್ಲಿರುವ ಡಾಕ್ಟರಿಗೆ ಇಲಾಖೆಯ ವಿಚಾರಣೆಯ ನೋಟಿಸೂ ಬರಬಹುದು. ಅದರ ನಿಯಮಗಳೇ ಬೇರೆ, ಅದನ್ನು ಇದರ ಜೊತೆ ಕಲಸಬೇಡಿ.

ಆಮೇಲೆ ಹಂತ ನೋಡಿ. ಕೌನ್ಸಿಲ್ ನಿಮ್ಮಿಂದ ಬರೀ ಲಿಖಿತ ಉತ್ತರ ಕೇಳಿದೆಯೇ? ಹಾಗಿದ್ದರೆ ನಿಮಗೆ ಬೇಕಾದದ್ದು ಉತ್ತರ ಕೊಡಲು ಹೆಚ್ಚಿನ ಸಮಯ. ಖುದ್ದು ಹಾಜರಾಗಲು ಕರೆದಿದೆಯೇ? ಆಗ ವಿಚಾರಣೆಯ ಮುಂದೂಡಿಕೆ. ಕೋರ್ಟಿನಲ್ಲಿ ಕೇಸು ಮುಗಿಯುವ ತನಕ ಎಲ್ಲವೂ ನಿಲ್ಲಲಿ ಎಂಬುದು ನಿಮ್ಮ ಬೇಡಿಕೆಯೇ? ಅದು ಮೂರನೇ ಥರದ್ದು, ಎಲ್ಲಕ್ಕಿಂತ ಕಷ್ಟದ್ದು. ಈ ಮೂರನ್ನೂ ಒಂದೇ ಅರ್ಜಿಯಲ್ಲಿ ಸೇರಿಸಿ ಬರೆದರೆ ಓದುವವರಿಗೆ ನಿಮಗೇನು ಬೇಕು ಎಂದೇ ಗೊತ್ತಾಗುವುದಿಲ್ಲ.

ಲಕೋಟೆ ಬಿಸಾಡಬೇಡಿ. ಅದರ ಮೇಲಿನ ಅಂಚೆ ಮೊಹರು, ಟ್ರ್ಯಾಕಿಂಗ್ ನಂಬರು ಎರಡೂ ನಿಮಗೆ ನೋಟಿಸ್ ಯಾವತ್ತು ಸಿಕ್ಕಿತು ಎಂಬುದಕ್ಕೆ ಸಾಕ್ಷಿ. ಇನ್ನೊಂದು ಮಾತು. ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ಓದಿ ಮುಂಬಯಿಗೆ ಬಂದು ನೆಲೆಸಿದ ಡಾಕ್ಟರುಗಳ ವಿಳಾಸ ಕೌನ್ಸಿಲ್ ದಾಖಲೆಯಲ್ಲಿ ಎಷ್ಟೋ ಸಲ ಹಳೆಯದೇ ಇರುತ್ತದೆ. ಮೊದಲ ಬಾಡಿಗೆ ಮನೆಯದ್ದು, ಮುಚ್ಚಿದ ಕ್ಲಿನಿಕ್ಕಿನದ್ದು. ನೋಟಿಸ್ ಅಲ್ಲಿಗೆ ಹೋಗಿ ವಾಪಸ್ ಬರುತ್ತದೆ, ವಿಚಾರಣೆ ಇವರಿಲ್ಲದೆ ನಡೆಯುತ್ತದೆ. ಮಹಾರಾಷ್ಟ್ರದಲ್ಲಿ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಆಗಲಾದರೂ ವಿಳಾಸ, ಫೋನು, ಇಮೇಲ್ ಸರಿ ಇದೆಯೇ ನೋಡಿಕೊಳ್ಳಿ. ಯಾವ ದೂರೂ ಇಲ್ಲದ ಡಾಕ್ಟರುಗಳಿಗೂ ಈ ಮಾತು ಹೇಳುತ್ತಿದ್ದೇನೆ.

ನಿಜವಾಗಿ ಮುಂದೂಡಲೇಬೇಕೇ?

ಈ ಪ್ರಶ್ನೆಯನ್ನು ಒಂದು ರಾತ್ರಿ ಕಳೆದ ಮೇಲೆ ಕೇಳಿಕೊಳ್ಳಿ. ನೋಟಿಸ್ ಬಂದ ದಿನ ಎಲ್ಲರಿಗೂ ಮುಂದೂಡಬೇಕು ಅನ್ನಿಸುತ್ತದೆ. ಅದು ಸಹಜ. ಇಪ್ಪತ್ತು ವರ್ಷ ಒಳ್ಳೆಯ ಹೆಸರಿನಿಂದ ಪ್ರಾಕ್ಟೀಸ್ ಮಾಡಿದವರಿಗೆ ಆ ಕಾಗದ ನಿದ್ದೆಗೆಡಿಸುತ್ತದೆ. ಆದರೆ ತಾರೀಖು ಮುಂದೆ ಹೋದಷ್ಟೂ ಆ ಚಿಂತೆಯೂ ಮುಂದುವರಿಯುತ್ತದೆ. ದಾಖಲೆ ಕೈಯಲ್ಲಿದ್ದು, ಉತ್ತರ ಸಿದ್ಧವಿದ್ದು, ಬರೀ ಧೈರ್ಯ ಸಾಲದೆ ಮುಂದೂಡುವುದಾದರೆ ಬೇಡ.

ಎಷ್ಟೋ ಸಲ ಪೂರ್ತಿ ವಿಚಾರಣೆ ನಿಲ್ಲಿಸಬೇಕಾಗಿಯೇ ಇರುವುದಿಲ್ಲ. ಡಾಕ್ಟರುಗಳ ವೃತ್ತಿ ನಡತೆಯ 2002ರ ನಿಯಮಗಳು ಈಗಲೂ ಜಾರಿಯಲ್ಲಿವೆ. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮಗಳನ್ನು ತಂದು, ಅದೇ ತಿಂಗಳು 23ಕ್ಕೆ ತಡೆಹಿಡಿಯಿತು. ಹಾಗಾಗಿ ಹಳೆಯವೇ ನಡೆಯುತ್ತಿವೆ. ಅವುಗಳ ಪ್ರಕಾರ ಡಾಕ್ಟರು ಖುದ್ದಾಗಿ ಮಾತಾಡಬಹುದು, ಇಲ್ಲವೇ ವಕೀಲರ ಮೂಲಕ ಮಾತಾಡಬಹುದು. ನಿಮಗೆ ಬರಲಾಗದಿದ್ದರೆ ವಕೀಲರನ್ನು ಕಳಿಸಲು ಆಗುತ್ತದೆಯೇ? ವಿಡಿಯೊ ಮೂಲಕ ಹಾಜರಾಗಲು ಅನುಮತಿ ಕೇಳಬಹುದೇ? ನಿಮ್ಮ ಒಬ್ಬ ತಜ್ಞರಷ್ಟೇ ಊರಲ್ಲಿಲ್ಲ ಎಂದಾದರೆ, ದೂರುದಾರರ ಮಾತು ಆ ದಿನವೇ ಮುಗಿಯಲಿ, ನಮ್ಮ ತಜ್ಞರನ್ನು ಮುಂದಿನ ತಾರೀಖಿಗೆ ಕರೆತರುತ್ತೇವೆ ಎನ್ನಬಹುದಲ್ಲ? ದೂರದಿಂದ ಬಂದವರ ಪ್ರಯಾಣ ವ್ಯರ್ಥವಾಗುವುದಿಲ್ಲ. ಕೌನ್ಸಿಲ್ ಸದಸ್ಯರಿಗೂ ನಿಮ್ಮ ಮೇಲೆ ನಂಬಿಕೆ ಬರುತ್ತದೆ.

ಯಾವ ಕಾರಣ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ

ನನ್ನ ಪ್ರಕಾರ ಎಲ್ಲಕ್ಕಿಂತ ಗಟ್ಟಿ ಕಾರಣ ದಾಖಲೆ ಸಿಗದಿರುವುದು. ದೂರಿನ ಪ್ರತಿ ಬಂದಿದೆ, ಆದರೆ ಅದರ ಜೊತೆಗಿನ ಲಗತ್ತುಗಳು ಬಂದಿಲ್ಲ. ಅಥವಾ ದೂರುದಾರರು ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಹಾಕಿದ್ದಾರೆ, ಅದು ನಿಮಗೆ ಕೊಟ್ಟಿಲ್ಲ. ಯಾವುದಕ್ಕೆ ಉತ್ತರ ಕೊಡಬೇಕು ಎಂದೇ ಗೊತ್ತಿಲ್ಲದವರನ್ನು ವಿಚಾರಣೆಗೆ ಕೂರಿಸುವುದು ನ್ಯಾಯವಲ್ಲ. ಇಲ್ಲಿ ಒಂದು ಕ್ರಮ ಪಾಲಿಸಿ. ಮೊದಲು ದಾಖಲೆ ಕೇಳಿ ಪತ್ರ ಬರೆಯಿರಿ, ನೋಟಿಸ್ ಸಿಕ್ಕ ಎರಡು ಮೂರು ದಿನದೊಳಗೆ. ತಾರೀಖು ಹತ್ತಿರ ಬಂದರೂ ದಾಖಲೆ ಬರದಿದ್ದರೆ ಆ ಪತ್ರವನ್ನೇ ಲಗತ್ತಿಸಿ ಮುಂದೂಡಿಕೆ ಕೇಳಿ. ಹಿಂದಿನ ದಿನ ತನಕ ಸುಮ್ನೆ ಕೂತು, ಆಮೇಲೆ ದಾಖಲೆ ಬಂದಿಲ್ಲ ಎಂದರೆ ಯಾರೂ ನಂಬುವುದಿಲ್ಲ.

ಪೊಲೀಸರು ಕೇಸ್ ಪೇಪರುಗಳನ್ನು ತೆಗೆದುಕೊಂಡು ಹೋಗಿದ್ದರೆ ಅದೂ ಒಳ್ಳೆಯ ಕಾರಣವೇ. ಪಂಚನಾಮೆಯ ಪ್ರತಿ, ನಕಲಿಗೆ ನೀವು ಠಾಣೆಗೆ ಕೊಟ್ಟ ಅರ್ಜಿಯ ಪ್ರತಿ, ಎರಡನ್ನೂ ಹಾಕಿ. ಗಂಭೀರ ಕಾಯಿಲೆ, ಆಸ್ಪತ್ರೆಯಲ್ಲಿ ದಾಖಲಾಗಿರುವುದು, ಮನೆಯಲ್ಲಿ ಸಾವು, ಹೆರಿಗೆ, ನೋಟಿಸ್ ಬರುವ ಮೊದಲೇ ನಿಗದಿಯಾಗಿದ್ದ ಪರೀಕ್ಷೆ ಅಥವಾ ವಿದೇಶ ಪ್ರಯಾಣ, ಇವನ್ನೆಲ್ಲ ಸಾಮಾನ್ಯವಾಗಿ ಒಪ್ಪುತ್ತಾರೆ. ನೋಟಿಸ್ ತೀರಾ ತಡವಾಗಿ ಸಿಕ್ಕಿದ್ದರೂ ಅಷ್ಟೇ. ಲಕೋಟೆ ಇಟ್ಟುಕೊಳ್ಳಿ ಎಂದದ್ದು ಇದಕ್ಕೇ.

ಇನ್ಶೂರೆನ್ಸ್ ವಿಷಯ ಹಲವರಿಗೆ ಹೊಳೆಯುವುದೇ ಇಲ್ಲ. ಪ್ರೊಫೆಷನಲ್ ಇಂಡೆಮ್ನಿಟಿ ಪಾಲಿಸಿ, ಅಂದರೆ ವೃತ್ತಿಯಲ್ಲಿನ ತಪ್ಪಿನ ದೂರುಗಳಿಗೆ ಮಾಡಿಸುವ ವಿಮೆ ಇದ್ದರೆ ನೋಟಿಸ್ ಬಂದ ಕೂಡಲೇ ಕಂಪನಿಗೆ ಲಿಖಿತವಾಗಿ ತಿಳಿಸಿ. ಕೌನ್ಸಿಲ್ ವಿಚಾರಣೆಯ ಖರ್ಚು ಆ ಪಾಲಿಸಿಯಲ್ಲಿ ಸೇರಿದೆಯೇ ಎಂದೂ ನೋಡಿ. ಸೇರಿದ್ದರೆ, ಅವರು ವಕೀಲರನ್ನು ಕೊಡಲು ಕೆಲವು ದಿನ ಹಿಡಿಯುತ್ತದೆ. ಆ ಪತ್ರವ್ಯವಹಾರವೂ ಮೊದಲ ಸಲದ ಮುಂದೂಡಿಕೆಗೆ ಆಧಾರವಾಗುತ್ತದೆ.

ಇನ್ನು ನಿಲ್ಲದ ಕಾರಣಗಳು. "ಆ ದಿನ ಓಪಿಡಿ ಇದೆ." "ಆಪರೇಷನ್ ಲಿಸ್ಟ್ ಇದೆ." ತುರ್ತು ಆಪರೇಷನ್ ಬೇರೆ, ಮೊದಲೇ ದಿನ ನೋಡಿ ಇಟ್ಟುಕೊಂಡ ಆಪರೇಷನ್ ಬೇರೆ. ಎರಡನೆಯದನ್ನು ನೀವೇ ಬದಲಿಸಬಹುದಲ್ಲ ಎಂದು ಕೌನ್ಸಿಲ್‌ನಲ್ಲಿ ಕೂತ ಡಾಕ್ಟರುಗಳೇ ಕೇಳುತ್ತಾರೆ. ಅವರಿಗೂ ಓಪಿಡಿ ಇರುತ್ತದೆ. "ನಮ್ಮ ವಕೀಲರಿಗೆ ಬೇರೆ ಕೋರ್ಟಿನಲ್ಲಿ ಕೆಲಸವಿದೆ" ಎಂಬುದೂ ದುರ್ಬಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶ ಇದನ್ನು ಕಾರಣವೆಂದು ಒಪ್ಪುವುದೇ ಇಲ್ಲ. ಒಂದು ಕೇಸಿನಲ್ಲಿ ಒಬ್ಬ ಕಕ್ಷಿದಾರರಿಗೆ ಮೂರಕ್ಕಿಂತ ಹೆಚ್ಚು ಮುಂದೂಡಿಕೆ ಕೊಡಬಾರದು ಎಂದೂ ಹೇಳುತ್ತದೆ. ಅದು ಕೋರ್ಟುಗಳಿಗಾಗಿ ಬರೆದ ನಿಯಮ. ಆದರೂ ವಿಚಾರಣೆ ನಡೆಸುವ ಯಾರೇ ಆಗಲಿ ಆ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ನೀವೂ ಇಟ್ಟುಕೊಳ್ಳಿ. ಮೊದಲ ಸಲ ಕೇಳಿದಾಗ ಸಿಗುವ ಸಹಾನುಭೂತಿ ಎರಡನೇ ಸಲ ಅರ್ಧಕ್ಕಿಳಿಯುತ್ತದೆ. ಅದಕ್ಕೇ ಮೊದಲ ಅವಕಾಶವನ್ನು ಸಣ್ಣ ಕಾರಣಕ್ಕೆ ಖರ್ಚು ಮಾಡಬೇಡಿ.

ಕೌನ್ಸಿಲ್ ಇನ್ನೊಂದು ವಿಷಯವನ್ನೂ ತೂಗಿ ನೋಡುತ್ತದೆ. ವಿಚಾರಣೆ ತಡವಾದರೆ ಬೇರೆ ರೋಗಿಗಳಿಗೆ ಅಪಾಯವಿದೆಯೇ? 2002ರ ನಿಯಮಗಳ 8.5ರ ಪ್ರಕಾರ, ದೂರು ಬಾಕಿ ಇರುವಾಗ ದೂರಿಗೆ ಕಾರಣವಾದ ಆ ಚಿಕಿತ್ಸಾ ವಿಧಾನವನ್ನು ಮಾಡದಂತೆ ಡಾಕ್ಟರನ್ನು ತಡೆಯಬಹುದು. ಹಾಗಾಗಿ ನಿಮ್ಮ ಮೇಲಿನ ದೂರು ಒಂದು ನಿರ್ದಿಷ್ಟ ಆಪರೇಷನ್ ಬಗ್ಗೆ ಇದ್ದರೆ, ಮುಂದಿನ ತಾರೀಖಿನ ತನಕ ಅದನ್ನು ನಾನಾಗಿಯೇ ಮಾಡುವುದಿಲ್ಲ ಎಂದು ಬರೆದುಕೊಡುವ ಬಗ್ಗೆ ವಕೀಲರ ಹತ್ತಿರ ಮಾತಾಡಿ. ಅದು ತಪ್ಪೊಪ್ಪಿಗೆಯಲ್ಲ ಎಂದು ಅದೇ ಸಾಲಿನಲ್ಲಿ ಸ್ಪಷ್ಟಪಡಿಸಬಹುದು.

ಮೆಡಿಕಲ್ ಸರ್ಟಿಫಿಕೇಟ್: ಇಲ್ಲಿ ತುಂಬಾ ಜಾಗ್ರತೆ

ಡಾಕ್ಟರಿಗೆ ಡಾಕ್ಟರ ಸರ್ಟಿಫಿಕೇಟ್ ಸಿಗುವುದು ಸುಲಭ. ಸ್ನೇಹಿತರಿರುತ್ತಾರೆ, ಸಹಪಾಠಿಗಳಿರುತ್ತಾರೆ. ಒಂದು ಫೋನ್ ಸಾಕು. ದಯವಿಟ್ಟು ಸುಳ್ಳು ಸರ್ಟಿಫಿಕೇಟ್ ತರಬೇಡಿ. ಸುಳ್ಳು ಅಥವಾ ದಾರಿ ತಪ್ಪಿಸುವ ಸರ್ಟಿಫಿಕೇಟಿಗೆ ಸಹಿ ಹಾಕುವುದೇ 2002ರ ನಿಯಮ 7.7ರ ಪ್ರಕಾರ ದುರ್ನಡತೆ. ಅದಕ್ಕೆ ಡಾಕ್ಟರುಗಳ ನೋಂದಣಿ ರಿಜಿಸ್ಟರಿನಿಂದ ಹೆಸರು ತೆಗೆಯಬಹುದು. ಒಂದು ತಾರೀಖು ತಪ್ಪಿಸಿಕೊಳ್ಳಲು ಹೋಗಿ, ಏನೂ ಸಂಬಂಧವಿಲ್ಲದ ಇನ್ನೊಬ್ಬ ಡಾಕ್ಟರನ್ನು ಅದೇ ಕೌನ್ಸಿಲ್ ಎದುರು ನಿಲ್ಲಿಸಿದಂತಾಗುತ್ತದೆ. ಸರ್ಟಿಫಿಕೇಟ್ ಕೊಟ್ಟ ಡಾಕ್ಟರು ಅದರ ವಿವರವನ್ನು ತಮ್ಮ ಸರ್ಟಿಫಿಕೇಟುಗಳ ರಿಜಿಸ್ಟರಿನಲ್ಲಿ ಬರೆದಿಡಬೇಕು, ಪ್ರತಿ ಇಟ್ಟುಕೊಳ್ಳಬೇಕು ಎಂದೂ ನಿಯಮವಿದೆ. ಅನುಮಾನ ಬಂದರೆ ಕೌನ್ಸಿಲ್ ಅದನ್ನು ತರಿಸಿ ನೋಡಬಹುದು.

ಕಾಯಿಲೆ ನಿಜವಾಗಿದ್ದರೆ ಸರ್ಟಿಫಿಕೇಟ್ ಕೆಲಸಕ್ಕೆ ಬರುವಂತಿರಲಿ. "ವಿಶ್ರಾಂತಿ ಬೇಕು" ಎಂಬ ಒಂದು ಸಾಲು ಸಾಲದು. ಕಾಯಿಲೆ ಏನು, ಯಾವಾಗಿನಿಂದ, ಯಾಕೆ ವಿಚಾರಣೆಗೆ ಬಂದು ಕೂರಲು ಆಗುವುದಿಲ್ಲ, ಯಾವಾಗ ಆಗಬಹುದು, ಇಷ್ಟೂ ಇರಬೇಕು. ಕಾಲು ಮುರಿದವರು ಪ್ರಯಾಣ ಮಾಡಲಾರರು, ಆದರೆ ವಿಡಿಯೊದಲ್ಲಿ ಮಾತಾಡಬಲ್ಲರು. ತೀವ್ರ ಖಿನ್ನತೆ ಇರುವವರು ಮನೆಯಲ್ಲಿ ಓಡಾಡಿಕೊಂಡಿರಬಹುದು, ಆದರೆ ಪ್ರಶ್ನೆಗಳಿಗೆ ಉತ್ತರ ಕೊಡಲಾರರು. ಸರ್ಟಿಫಿಕೇಟ್ ಈ ವ್ಯತ್ಯಾಸವನ್ನು ಹೇಳಬೇಕು. ಇನ್ನೊಂದು ಕಡೆ ಕ್ಲಿನಿಕ್ ತೆರೆದು ರೋಗಿಗಳನ್ನು ನೋಡುತ್ತಾ, ಇಲ್ಲಿ ಕಾಯಿಲೆ ಎಂದು ಬರೆದರೆ ದೂರುದಾರರು ಫೋಟೊ ಸಮೇತ ಬರುತ್ತಾರೆ.

ಮಾನಸಿಕ ಕಾಯಿಲೆಯಾದರೆ ಮುಚ್ಚಿಡಬೇಡಿ. ನೋಟಿಸ್ ಬಂದ ಮೇಲೆ ಕುಗ್ಗಿಹೋದ ಡಾಕ್ಟರುಗಳನ್ನು ನಾನು ನೋಡಿದ್ದೇನೆ. ಅವರಿಗೆ ಮೊದಲು ಬೇಕಾದದ್ದು ಮನೋವೈದ್ಯರು. ಆ ವರದಿಯನ್ನು ಮೊಹರು ಮಾಡಿದ ಲಕೋಟೆಯಲ್ಲಿ ಕೊಟ್ಟು, ಕೌನ್ಸಿಲ್ ಸದಸ್ಯರಷ್ಟೇ ನೋಡಲಿ, ಎದುರಿನವರಿಗೆ ಕಾರಣದ ಸಾರವನ್ನಷ್ಟೇ ತಿಳಿಸುತ್ತೇವೆ ಎಂದು ಕೋರಬಹುದು.

ಅರ್ಜಿ ಬರೆಯುವುದು

ಒಂದೇ ಪುಟ ಸಾಕು. ಕೇಸಿನ ವಾದವನ್ನು ಇಲ್ಲಿ ತುಂಬಬೇಡಿ. "ದೂರು ಪೂರ್ತಿ ಸುಳ್ಳು, ದುಡ್ಡಿಗಾಗಿ ಮಾಡಿದ್ದು" ಎಂದು ಮುಂದೂಡಿಕೆಯ ಅರ್ಜಿಯಲ್ಲಿ ಬರೆಯುವವರಿದ್ದಾರೆ. ಅದರಿಂದ ಏನೂ ಉಪಯೋಗವಿಲ್ಲ, ಮಗನನ್ನು ಕಳೆದುಕೊಂಡ ತಾಯಿಗೆ ಸುಮ್ನೆ ನೋವು. ಒಕ್ಕಣೆ ಹೀಗಿರಲಿ. ಇಂಗ್ಲಿಷಿಗೋ ಮರಾಠಿಗೋ ಮಾಡಿಸಿಕೊಳ್ಳಿ:

"ಮಾನ್ಯ ರಿಜಿಸ್ಟ್ರಾರ್ ಅವರಿಗೆ. ದೂರು ಸಂಖ್ಯೆ ಇಂಥದ್ದು. ನಾನು ಈ ದೂರಿನಲ್ಲಿ ಎದುರುದಾರ ವೈದ್ಯ, ನನ್ನ ನೋಂದಣಿ ಸಂಖ್ಯೆ ಇಂಥದ್ದು. ಇಂಥ ತಾರೀಖಿನ ವಿಚಾರಣೆಯ ನೋಟಿಸ್ ನನಗೆ ಇಂಥ ದಿನ ತಲುಪಿದೆ. ದೂರಿನ ಜೊತೆಗಿನ ಲಗತ್ತು 3 ಮತ್ತು 4 ನನಗೆ ಸಿಕ್ಕಿಲ್ಲ. ಅವನ್ನು ಕೋರಿ ಇಂಥ ದಿನ ಪತ್ರ ಕೊಟ್ಟಿದ್ದೇನೆ, ಪ್ರತಿ ಲಗತ್ತಿಸಿದೆ. ಅವಿಲ್ಲದೆ ಪೂರ್ಣ ಉತ್ತರ ಕೊಡಲು ಸಾಧ್ಯವಿಲ್ಲ. ಆದ್ದರಿಂದ ವಿಚಾರಣೆಯನ್ನು ಮುಂದೂಡಲು ಕೋರುತ್ತೇನೆ. ಲಗತ್ತುಗಳು ಸಿಕ್ಕ 15 ದಿನದೊಳಗೆ ಉತ್ತರ ಸಲ್ಲಿಸುತ್ತೇನೆ. ಇಂಥ ಮೂರು ದಿನಗಳಲ್ಲಿ ಯಾವುದಾದರೂ ನನಗೆ ಅನುಕೂಲ. ಇದು ನನ್ನ ಮೊದಲ ಮುಂದೂಡಿಕೆಯ ಕೋರಿಕೆ. ಈ ಅರ್ಜಿಯ ಪ್ರತಿಯನ್ನು ದೂರುದಾರರಿಗೆ ಇಂದೇ ಕಳಿಸಿದ್ದೇನೆ."

ಇದರಲ್ಲಿ ನಾಲ್ಕು ಸಾಲು ಯಾರೂ ಬಿಡಬಾರದು. ನೋಟಿಸ್ ಸಿಕ್ಕ ದಿನ, ಬದಲಿ ತಾರೀಖುಗಳು, ಎಷ್ಟನೇ ಸಲದ ಕೋರಿಕೆ, ಎದುರಿನವರಿಗೆ ಪ್ರತಿ ಕಳಿಸಿದ್ದು. "ಸೂಕ್ತ ಸಮಯ ಕೊಡಿ" ಎಂದು ತೇಲಿಸಿ ಬರೆದರೆ ಎಳೆಯಲು ನೋಡುತ್ತಿದ್ದಾರೆ ಅನ್ನಿಸುತ್ತದೆ. ದಿನ ಹೇಳಿದರೆ ಬರುವ ಮನಸ್ಸಿದೆ ಎಂದು ಗೊತ್ತಾಗುತ್ತದೆ.

ಕೊಡುವುದು ಹೇಗೆ

ಮುಂಬಯಿಯಲ್ಲಿದ್ದರೆ ಕೈಯಾರೆ ಕೊಡುವುದು ಒಳ್ಳೆಯದು. ಎರಡು ಪ್ರತಿ ಒಯ್ಯಿರಿ, ನಿಮ್ಮ ಪ್ರತಿಯ ಮೇಲೆ ಅರ್ಜಿ ಸಿಕ್ಕಿದೆ ಎಂಬ ಇನ್‌ವರ್ಡ್ ಮೊಹರು ಮತ್ತು ತಾರೀಖು ಹಾಕಿಸಿಕೊಳ್ಳಿ. ಜೊತೆಗೆ ನೋಟಿಸಿನಲ್ಲಿರುವ ಇಮೇಲ್‌ಗೂ ಕಳಿಸಿ. ಹೊರಗಿನವರು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ ದಿನದ ಟ್ರ್ಯಾಕಿಂಗ್ ಪುಟ ಪ್ರಿಂಟ್ ತೆಗೆದಿಡಿ. ಫೋನಿನಲ್ಲಿ "ಆಯ್ತು, ಬನ್ನಿ ಆಮೇಲೆ" ಎಂದು ಯಾರೋ ಹೇಳಿದರೆ ಅದು ಆದೇಶವಲ್ಲ.

ದೂರುದಾರರಿಗೆ ಪ್ರತಿ ಕಳಿಸುವ ವಿಷಯವನ್ನು ಮತ್ತೆ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರು ಬಿಡುವುದು ಇದನ್ನೇ. ಸೊಲ್ಲಾಪುರದಿಂದ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿ, ದಾದರಿನಲ್ಲಿ ಇಳಿದು, ಸ್ಲೋ ಲೋಕಲ್ ಹಿಡಿದು ಚಿಂಚ್‌ಪೋಕ್ಲಿಗೆ ಬರುವವರು ಹಿಂದಿನ ರಾತ್ರಿಯೇ ಊರು ಬಿಟ್ಟಿರುತ್ತಾರೆ. ವಿಚಾರಣೆಯ ದಿನ ಬೆಳಿಗ್ಗೆ ನೀವು ಅರ್ಜಿ ಕೊಟ್ಟರೆ ಅವರ ಎರಡು ದಿನದ ಕೂಲಿ, ಹೋಗಿಬರುವ ಖರ್ಚು ಎಲ್ಲವೂ ಹೋಯಿತು. ಅವರು ಎದುರು ಪಕ್ಷದವರೇ ಇರಬಹುದು. ಆದರೂ ಒಂದು ವಾರ ಮೊದಲು ತಿಳಿಸುವುದು ನಮ್ಮ ಕರ್ತವ್ಯ ಅಲ್ವಾ? ನೀವೇ ನೇರವಾಗಿ ಫೋನ್ ಮಾಡಬೇಡಿ, ಒತ್ತಡ ಹಾಕಿದರು ಎಂಬ ಮಾತು ಬರಬಹುದು. ಕಾಗದದ ಮೂಲಕ ಅಥವಾ ವಕೀಲರ ಮೂಲಕ ತಿಳಿಸಿ.

ಕೊನೇ ಗಳಿಗೆಯ ತೊಂದರೆ ಯಾರಿಗೂ ತಪ್ಪಿದ್ದಲ್ಲ. ಜುಲೈ ಮಳೆಗೆ ಲೋಕಲ್ ನಿಂತರೆ, ಹಿಂದಿನ ರಾತ್ರಿ ಮನೆಯಲ್ಲಿ ಏನಾದರೂ ಆದರೆ, ಆ ಕ್ಷಣವೇ ಇಮೇಲ್ ಮಾಡಿ, ಆಫೀಸು ತೆರೆಯುವ ಹೊತ್ತಿಗೆ ಫೋನ್ ಮಾಡಿ, ಎರಡು ದಿನದೊಳಗೆ ದಾಖಲೆ ಸಮೇತ ಅರ್ಜಿ ಕೊಡಿ.

ಉತ್ತರ ಬರದಿದ್ದರೆ ಹಾಜರಾಗಿ

ಅರ್ಜಿ ಕೊಟ್ಟದ್ದೇ ಮುಂದೂಡಿಕೆಯಾಗುವುದಿಲ್ಲ. ಲಿಖಿತ ಆದೇಶವೋ ಇಮೇಲೋ ಬರುವ ತನಕ ಹಳೆಯ ತಾರೀಖೇ ಖಾಯಂ. ಆ ದಿನ ನೀವೇ ಹೋಗಿ, ಇಲ್ಲವೇ ವಕಾಲತ್ತು ಕೊಟ್ಟು ವಕೀಲರನ್ನು ಕಳಿಸಿ. ಯಾರೂ ಹೋಗದಿದ್ದರೆ ವಿಚಾರಣೆಯನ್ನು ಏಕಪಕ್ಷೀಯವಾಗಿ, ಅಂದರೆ ನಿಮ್ಮ ಮಾತು ಕೇಳದೆಯೇ ನಡೆಸಬಹುದು. ಹಾಗೆ ನಡೆದುಹೋಗಿದ್ದರೆ ತಡ ಮಾಡದೆ, ಬರಲಾಗದ ಕಾರಣ ಮತ್ತು ಸಾಕ್ಷಿ ಕೊಟ್ಟು, ಮತ್ತೆ ಅವಕಾಶ ಕೊಡಿ ಎಂದು ಅರ್ಜಿ ಹಾಕಿ. ಅಂತಿಮ ಆದೇಶ ಬಂದ ಮೇಲೆ ಇದನ್ನೇ ಹೇಳುವುದಕ್ಕೂ ಮೊದಲೇ ಹೇಳುವುದಕ್ಕೂ ತುಂಬಾ ವ್ಯತ್ಯಾಸವಿದೆ.

ತಾರೀಖು ಸಿಕ್ಕರೆ ಆ ದಿನದ ರೋಜ್ನಾಮೆಯಲ್ಲಿ, ಅಂದರೆ ಆ ದಿನ ಏನು ನಡೆಯಿತು ಎಂಬ ದಾಖಲೆಯಲ್ಲಿ, ಏನು ಬರೆದಿದ್ದಾರೆ ನೋಡಿ. "ಎದುರುದಾರರ ಕೋರಿಕೆಯಂತೆ ಕೊನೆಯ ಅವಕಾಶ" ಎಂದಿದ್ದರೆ ಇನ್ನೊಮ್ಮೆ ಕೇಳುವ ಯೋಚನೆ ಬಿಡಿ.

ಪೊಲೀಸ್ ಕೇಸೂ ನಡೆಯುತ್ತಿದ್ದರೆ

"ಕ್ರಿಮಿನಲ್ ಕೇಸ್ ಮುಗಿಯುವ ತನಕ ಕೌನ್ಸಿಲ್ ವಿಚಾರಣೆ ನಿಲ್ಲಿಸಿ" ಎಂಬ ಕೋರಿಕೆ ಹೊಸದಲ್ಲ. ಇದಕ್ಕೆ ಒಂದು ತೀರ್ಪನ್ನು ಎಲ್ಲರೂ ತೋರಿಸುತ್ತಾರೆ. ಅದು ಹುಟ್ಟಿದ್ದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ. ಕ್ಯಾಪ್ಟನ್ ಪಾಲ್ ಆಂತೋನಿ ಎಂಬ ಭದ್ರತಾ ಅಧಿಕಾರಿಯ ಮೇಲೆ ಭಾರತ್ ಗೋಲ್ಡ್ ಮೈನ್ಸ್ ಇಲಾಖಾ ವಿಚಾರಣೆ ನಡೆಸಿತು. ಅದೇ ಆರೋಪದ ಮೇಲೆ ಕ್ರಿಮಿನಲ್ ಕೇಸೂ ಇತ್ತು. 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು. ಎರಡೂ ಒಟ್ಟಿಗೆ ನಡೆಯಬಹುದು. ಎರಡರ ಸಂಗತಿಗಳೂ ಒಂದೇ ಆಗಿದ್ದು, ಆರೋಪ ಗಂಭೀರವಾಗಿದ್ದು, ಕಾನೂನಿನ ಮತ್ತು ಸಂಗತಿಯ ಜಟಿಲ ಪ್ರಶ್ನೆಗಳಿದ್ದರೆ ಮಾತ್ರ ಇಲಾಖಾ ವಿಚಾರಣೆಯನ್ನು ತಡೆಯುವುದು ಒಳ್ಳೆಯದು. ಕ್ರಿಮಿನಲ್ ಕೇಸು ಎಳೆಯುತ್ತಾ ಹೋದರೆ ನಿಂತ ವಿಚಾರಣೆಯನ್ನು ಮತ್ತೆ ಶುರು ಮಾಡಬಹುದು.

ಅದು ನೌಕರಿಯ ಕೇಸು, ಡಾಕ್ಟರದ್ದಲ್ಲ. ಆದರೂ ತರ್ಕ ಇಲ್ಲಿಗೂ ಹತ್ತಿರ. ಆ ಕೇಸಿನ ಇನ್ನೊಂದು ಭಾಗ ನನಗೆ ಹೆಚ್ಚು ಮುಖ್ಯ. ಆಂತೋನಿಯವರಿಗೆ ಅಮಾನತಿನ ಜೀವನಾಧಾರ ಭತ್ಯೆ ಕೊಟ್ಟಿರಲಿಲ್ಲ. ಕೇರಳದ ತಮ್ಮ ಊರಿನಿಂದ ಕೋಲಾರಕ್ಕೆ ಬರಲು ಅವರ ಹತ್ತಿರ ದುಡ್ಡಿರಲಿಲ್ಲ. ವಿಚಾರಣೆ ಅವರಿಲ್ಲದೆ ಮುಗಿಯಿತು. ಆ ಏಕಪಕ್ಷೀಯ ವಿಚಾರಣೆಯನ್ನು ಕೋರ್ಟ್ ಒಪ್ಪಲಿಲ್ಲ, ವಜಾ ಆದೇಶವನ್ನು ರದ್ದು ಮಾಡಿತು. ಬರಲು ನಿಜವಾಗಿಯೂ ಆಗದವರ ಗೈರುಹಾಜರಿಯನ್ನು ಅವರ ವಿರುದ್ಧ ಬಳಸಬಾರದು ಎಂಬ ಈ ಮಾತು ಡಾಕ್ಟರಿಗೂ ಸಲ್ಲುತ್ತದೆ, ಬಡ ದೂರುದಾರರಿಗೂ ಸಲ್ಲಬೇಕು.

ಕೌನ್ಸಿಲ್‌ನಲ್ಲಿ ಕೊಡುವ ಉತ್ತರ ಮುಂದೆ ಪೊಲೀಸ್ ಕೇಸಿನಲ್ಲೂ ನಿಮ್ಮ ಎದುರು ಬರಬಹುದು. ಆದ್ದರಿಂದ ಎರಡು ಕೇಸೂ ಇದ್ದರೆ ಎರಡನ್ನೂ ನೋಡುವ ವಕೀಲರು ಓದಿದ ಮೇಲೆಯೇ ಉತ್ತರ ಕೊಡಿ. ಅದಕ್ಕೆ ಎರಡು ವಾರ ಬೇಕು ಎಂದು ಕೇಳುವುದು, "ಕೇಸು ಮುಗಿಯಲಿ" ಎಂದು ಕೇಳುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಮುಂದೂಡಿಕೆ ಕೊಡದಿದ್ದರೆ

ಸಿಟ್ಟು ಮಾಡಿಕೊಂಡು ಎದ್ದು ಬರಬೇಡಿ. ನಿರಾಕರಿಸಿದ ಕಾರಣವನ್ನು ದಾಖಲೆಯಲ್ಲಿ ಬರೆಯಲು ವಿನಂತಿಸಿ. ನಿಮ್ಮ ಆಕ್ಷೇಪವನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟು ವಿಚಾರಣೆಯಲ್ಲಿ ಭಾಗವಹಿಸಿ. ಕೈಯಲ್ಲಿರುವ ದಾಖಲೆಯಿಂದ ಎಷ್ಟು ಹೇಳಬಹುದೋ ಹೇಳಿ, ಉಳಿದದ್ದನ್ನು ಲಿಖಿತವಾಗಿ ಕೊಡಲು ಒಂದು ವಾರ ಕೇಳಿ. ಎಷ್ಟೋ ಸಲ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಬಾಂಬೆ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿ ಕೌನ್ಸಿಲ್‌ನ ನಿರಾಕರಣೆಯನ್ನು ಪ್ರಶ್ನಿಸುವ ದಾರಿಯೂ ಇದೆ. ಆದರೆ ಬರೀ ತಾರೀಖು ಕೊಡಲಿಲ್ಲ ಎಂಬುದಕ್ಕೆ ಹೈಕೋರ್ಟ್ ಅಷ್ಟು ಸುಲಭವಾಗಿ ಕೈ ಹಾಕುವುದಿಲ್ಲ. ತಾರೀಖು ಸಿಗದ್ದರಿಂದ ನಿಮ್ಮ ವಾದಕ್ಕೆ ಯಾವ ನಿಜವಾದ ಹಾನಿಯಾಯಿತು ಎಂದು ತೋರಿಸಬೇಕಾಗುತ್ತದೆ. ಅಂತಿಮ ಆದೇಶ ನಿಮ್ಮ ವಿರುದ್ಧ ಬಂದರೆ, 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 30ನೇ ಕಲಂ ಪ್ರಕಾರ ಡಾಕ್ಟರು ದಿಲ್ಲಿಯ ಎಥಿಕ್ಸ್ ಮತ್ತು ವೈದ್ಯಕೀಯ ನೋಂದಣಿ ಮಂಡಳಿಗೆ ಮೇಲ್ಮನವಿ ಹಾಕಬಹುದು. ಮುಂದೂಡಿಕೆಯ ಅರ್ಜಿ, ಮೊಹರು ಬಿದ್ದ ಪ್ರತಿ, ಆಕ್ಷೇಪದ ಹಾಳೆ ಆಗ ಕೆಲಸಕ್ಕೆ ಬರುತ್ತವೆ.

ನೀವು ದೂರು ಕೊಟ್ಟವರಾದರೆ

ಡಾಕ್ಟರು ಮೊದಲ ಸಲ, ಸರಿಯಾದ ಕಾರಣ ಕೊಟ್ಟು ಕೇಳಿದರೆ ಒಪ್ಪಿಕೊಳ್ಳಿ. ಅವರ ಮಾತನ್ನು ಪೂರ್ತಿ ಕೇಳದೆ ಬಂದ ಆದೇಶ ಮೇಲ್ಮನವಿಯಲ್ಲಿ ಬಿದ್ದುಹೋದರೆ ನಿಮಗೇ ನಷ್ಟ. ನಿಮಗೂ ಕಾಯಿಲೆ ಕಸಾಲೆ ಬಂದರೆ ಮೇಲೆ ಹೇಳಿದ ಕ್ರಮದಲ್ಲೇ ನೀವೂ ಮುಂದೂಡಿಕೆ ಕೇಳಬಹುದು.

ಆದರೆ ಪದೇ ಪದೇ ಆಗುತ್ತಿದ್ದರೆ ಸುಮ್ಮನಿರಬೇಡಿ. 2002ರ ನಿಯಮ 8.4ರ ಪ್ರಕಾರ ದೂರಿನ ತೀರ್ಮಾನ 6 ತಿಂಗಳೊಳಗೆ ಆಗಬೇಕು. ನಡೆಯುವಾಗ ಇದು ಹೆಚ್ಚಾಗಿ ಮೀರುತ್ತದೆ, ಆದರೂ ನಿಯಮ ನಿಮ್ಮ ಪರವಾಗಿದೆ. ಪ್ರತಿ ಮುಂದೂಡಿಕೆಗೂ ಲಿಖಿತ ಆಕ್ಷೇಪ ಕೊಡಿ. ಎಷ್ಟು ದೂರದಿಂದ ಬಂದಿರಿ, ಎಷ್ಟು ಖರ್ಚಾಯಿತು ಎಂದು ಅದರಲ್ಲಿ ಬರೆಯಿರಿ, ಟಿಕೆಟಿನ ಪ್ರತಿ ಹಚ್ಚಿ. ಬಂದ ದಿನ ವಿಚಾರಣೆ ಆಗದಿದ್ದರೆ ನೀವು ಹಾಜರಿದ್ದಿರಿ ಎಂಬುದನ್ನು ದಾಖಲಿಸಿ ಎಂದು ಕೇಳಿ, ಮುಂದಿನ ತಾರೀಖನ್ನು ಅಲ್ಲೇ ಬರೆಸಿಕೊಳ್ಳಿ. ಮುಂದಿನ ಸಲ ವಿಡಿಯೊ ಮೂಲಕ ಹಾಜರಾಗಲು ಅವಕಾಶ ಕೋರಿ. ಮರಾಠಿ, ಇಂಗ್ಲಿಷ್ ಬಾರದಿದ್ದರೆ ಭಾಷೆ ಬಲ್ಲವರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳಲು ಮೊದಲೇ ಅರ್ಜಿ ಕೊಡಿ.

ಬೇರೆ ರೋಗಿಗಳಿಗೂ ಅಪಾಯವಿದೆ ಎಂದು ನಿಮಗೆ ನಿಜವಾಗಿ ಅನ್ನಿಸಿದರೆ 8.5ರ ತಡೆಯಾಜ್ಞೆ ಕೇಳಿ. 6 ತಿಂಗಳು ದಾಟಿಯೂ ಸರಿಯಾದ ಕಾರಣವಿಲ್ಲದೆ ತೀರ್ಮಾನವಾಗದಿದ್ದರೆ 8.7ರ ಪ್ರಕಾರ ದಿಲ್ಲಿಯ ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ ಬರೆಯಬಹುದು. ರಾಜ್ಯ ಕೌನ್ಸಿಲ್‌ಗೆ ಗಡುವು ಹಾಕುವ, ದೂರನ್ನು ತಮ್ಮ ಕಡೆಗೇ ತೆಗೆದುಕೊಳ್ಳುವ ಅಧಿಕಾರ ಆ ನಿಯಮದಲ್ಲಿದೆ. ನಿಮ್ಮ ದೂರು ಎಲ್ಲಿಗೆ ಬಂತು, ಎಷ್ಟು ಸಲ, ಯಾರ ಕೋರಿಕೆಯ ಮೇಲೆ ಮುಂದೂಡಿದರು ಎಂದು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿ. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಆ ಉತ್ತರ ಮುಂದಿನ ಎಲ್ಲ ಅರ್ಜಿಗಳಿಗೂ ಬುಡ.

ಆಸ್ಪತ್ರೆಯ ದಾಖಲೆ ಇನ್ನೂ ತೆಗೆದುಕೊಂಡಿಲ್ಲ ಅಂದರೆ ಇವತ್ತೇ ಬರೆದು ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು. ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟಿರಬೇಕು ಎಂಬುದಷ್ಟೇ ನಿಯಮ. ವಿಚಾರಣೆ ಮುಂದೆ ಹೋಗುತ್ತಾ ಹೋದರೆ ಈ 3 ವರ್ಷ ಕೈತಪ್ಪುತ್ತದೆ.

ಎಲ್ಲಕ್ಕಿಂತ ಹೆಚ್ಚು ಜನ ನಷ್ಟ ಮಾಡಿಕೊಳ್ಳುವುದು ಇನ್ನೊಂದು ಕಡೆ. ಮೆಡಿಕಲ್ ಕೌನ್ಸಿಲ್ ಡಾಕ್ಟರಿಗೆ ಎಚ್ಚರಿಕೆ ಕೊಡಬಹುದು, ಹೆಸರನ್ನು ಕೆಲಕಾಲ ಅಥವಾ ಪೂರ್ತಿ ತೆಗೆಯಬಹುದು. ನಿಮಗೆ ಪರಿಹಾರದ ದುಡ್ಡು ಕೊಡಿಸುವುದಿಲ್ಲ. ಅದಕ್ಕೆ ಗ್ರಾಹಕ ಆಯೋಗಕ್ಕೇ ಹೋಗಬೇಕು, ಮತ್ತು ಅಲ್ಲಿ ಘಟನೆ ಆದ 2 ವರ್ಷದೊಳಗೆ ಕೇಸು ಹಾಕಬೇಕು. ಕೌನ್ಸಿಲ್ ವಿಚಾರಣೆ ಎಷ್ಟು ಸಲ ಮುಂದೆ ಹೋದರೂ ಆ 2 ವರ್ಷ ನಿಲ್ಲುವುದಿಲ್ಲ. ಕೌನ್ಸಿಲ್ ತೀರ್ಪು ಬರಲಿ, ಆಮೇಲೆ ನೋಡೋಣ ಎಂದು ಕಾಯಬೇಡಿ. ಈಗಲೇ ತಾರೀಖು ಲೆಕ್ಕ ಹಾಕಿ. ಅವಧಿ ಆಗಲೇ ದಾಟಿದ್ದರೆ ತಡವಾದ ಕಾರಣ ವಿವರಿಸಿ ಮನ್ನಾ ಕೋರುವ ಅರ್ಜಿಯನ್ನು ಕೇಸಿನ ಜೊತೆಗೇ ಹಾಕಿಸಿ. ಕೌನ್ಸಿಲ್‌ನ ಎಲ್ಲ ನೋಟಿಸುಗಳನ್ನೂ ಮುಂದೂಡಿಕೆಯ ಪತ್ರಗಳನ್ನೂ ಅದಕ್ಕೆ ಲಗತ್ತಿಸಿ.